ಮೀನಕ್ಕ ಮಹಡಿ ಹತ್ತಿದ್ದು

ಮೀನಕ್ಕನ ಕೋಣೆಗೆ ಬಂದವರೆಲ್ಲ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಮುಟ್ಟಿದ್ರೆ ಶಾಕ್ ಹೊಡೆಯುತ್ತಾ?" ಇಲ್ಲ ಎಂದಳೋ, ಮುಖ ಸಪ್ಪಗೆ ಮಾಡಿಕೊಂಡು ಹೊರಟೇಬಿಡುತ್ತಿದ್ದರು. ಕರೆಂಟು ಮೀನು ಎಂದ ಮೇಲೆ ಒಬ್ಬರನ್ನಾದರೂ ಕೆಡವಬೇಡವೇ! ಆದರೆ ಅವಳು ಸಾಕಿದ್ದ ಮೀನುಗಳ ಕರೆಂಟು ಟಾರ್ಚಿನ ಬಲ್ಬಿಗೂ ಸಾಲದು. ಕೆಸರು ನೀರಿನಲ್ಲಿ ದಾರಿ ಹುಡುಕಲು, ತಮ್ಮವರನ್ನು ಗುರುತು ಹಿಡಿಯಲು ಅವಕ್ಕೆ ಅಷ್ಟು ಸಾಕು. ನೀರಿಗೆ ಎರಡು ತಂತಿ ಇಳಿಬಿಟ್ಟರೆ ಸ್ಪೀಕರಿನಲ್ಲಿ ಟಿಕ್, ಟಿಕ್, ಟಿಟಿಕ್ ಎಂದು ಕೇಳಿಸುತ್ತಿತ್ತು. ಮನೆಯಲ್ಲಿ ಅತ್ತೆಯ ಗೊಣಗಾಟವನ್ನು ಕಿವಿಯ ಮೇಲೆ ಹಾಕಿಕೊಳ್ಳದ ಮೀನಕ್ಕ, ಈ ಟಿಕ್‌ಟಿಕ್‌ನಲ್ಲಿ ಒಂದು ಹೆಚ್ಚುಕಡಿಮೆಯಾದರೂ ತಟ್ಟನೆ ತಲೆ ಎತ್ತುತ್ತಿದ್ದಳು.

ಅವಳ ಕೋಣೆ ಇದ್ದದ್ದು ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿ. ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಗಳು, ಮೂಲೆಯಲ್ಲಿ ನೀರು ತುಂಬಿಟ್ಟ ಡ್ರಮ್ಮುಗಳು. ನಲ್ಲಿಯ ನೀರಿನಲ್ಲಿ ಔಷಧಿ ಇರುತ್ತದೆ, ಮೀನಿಗೆ ಅದು ವಿಷ. ಆದ್ದರಿಂದ ಔಷಧಿ ಆರಿಹೋಗಲೆಂದು ದಿನಗಟ್ಟಲೆ ನಿಲ್ಲಿಸಿಟ್ಟ ನೀರನ್ನಷ್ಟೇ ತೊಟ್ಟಿಗೆ ಹಾಕಬೇಕು. ಈ ಮೀನುಗಳೋ, ಮಳೆಗಾಲ ಬಂತೆಂದು ನಂಬಿಕೆಯಾಗದೆ ಮೊಟ್ಟೆ ಇಡುವ ಪೈಕಿಯಲ್ಲ. ವರ್ಷಾನುಗಟ್ಟಲೆ ಅವಳು ಹೂಗಿಡಕ್ಕೆ ನೀರು ಹನಿಸುವ ಡಬ್ಬಿ ಹಿಡಿದು ಅವುಗಳ ತಲೆಯ ಮೇಲೆ ಸುಳ್ಳು ಮಳೆ ಸುರಿಸಿದ್ದಳು. ಕೊನೆಗೊಮ್ಮೆ ಅವು ಮೋಸಹೋದವು. ಮೊಟ್ಟೆಯಾಯಿತು, ಮರಿಯಾಯಿತು. ಆ ದಿನ ಮೀನಕ್ಕ ಮನೆಗೆ ಹೋಗಿ, ಯಾರಿಗೂ ಕಾರಣ ಹೇಳದೆ, ಅತ್ತೆಯ ಕಾಲು ಒತ್ತಿದಳು.

ಗಂಡ ದರ್ಜಿ. ಅವನ ಹೊಲಿಗೆ ಯಂತ್ರದ ಪಕ್ಕದಲ್ಲಿ ಕೂತು ಅವಳು ಕಥೆ ಹೇಳುತ್ತಿದ್ದಳು: "ಕರೆಂಟು ಕೊಡೋ ಜೀವಕೋಶ ಇದ್ಯಲ್ಲ, ಅದೂ ಹುಟ್ತಾ ಮಾಂಸಖಂಡವೇ ಕಣ್ರೀ. ಬೆಳೀತಾ ಬೆಳೀತಾ ಎಳೆಯೋದು, ಬಿಗಿಯೋದು ಎಲ್ಲಾ ಬಿಟ್ಟುಬಿಡುತ್ತೆ. ಆಮೇಲೆ ಅದರ ಕೆಲಸ ಬರೀ ಸಿಗ್ನಲ್ ಕಳಿಸೋದು."

"ಅಂದ್ರೆ ನಿಮ್ಮ ಮೇಲಿನ ಮಹಡಿಯವರ ಥರ," ಎಂದ ಗಂಡ, ದಾರ ಕಚ್ಚಿ ತುಂಡು ಮಾಡುತ್ತ.

ನಕ್ಕೂ ನಕ್ಕೂ ಮೀನಕ್ಕನ ಕಣ್ಣಲ್ಲಿ ನೀರು ಬಂತು. "ಇನ್ನೂ ಕೇಳಿ. ಮರಿಗೆ ಮೊದಲು ಹಾಲುಹಲ್ಲಿನ ಹಾಗೆ ಮೈಯಲ್ಲೊಂದು ಕರೆಂಟಿನ ಅಂಗ. ಆಮೇಲೆ ಬಾಲದ ಬುಡದಲ್ಲಿ ಕಾಯಂ ಅಂಗ ಹುಟ್ಟುತ್ತೆ. ಸ್ವಲ್ಪ ದಿನ ಎರಡೂ ಇರುತ್ತವೆ, ಆಮೇಲೆ ಹಳೇದು ಕರಗಿಹೋಗುತ್ತೆ. ಆ ಹೊಸದರ ಮೊದಲನೇ ಸಿಗ್ನಲ್ಲು ಬರುತ್ತಲ್ಲ, ಅದನ್ನ ನಾನೇ ಹಿಡೀಬೇಕು. ನನ್ನ ಮರಿಗಳದ್ದು." ತಂತಿಗೆ ಜೋಡಿಸಿದ ಕಂಪ್ಯೂಟರಿನ ಪರದೆಯ ಮೇಲೆ ಹಳೆಯ ಸಿಗ್ನಲ್ಲಿನ ಗೀರಿನ ಪಕ್ಕ ಒಂದು ಪುಟ್ಟ ಹೊಸ ಗೀರು, ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಮೇಲಿನ ಮಹಡಿಯ ವಿಷಯದಲ್ಲಿ ಗಂಡ ಹೇಳಿದ್ದು ಸುಳ್ಳೇನಲ್ಲ. ಅಲ್ಲಿಂದ ದಿನಬೆಳಗಾದರೆ ಸಂಸ್ಥೆಯ ಫೋನ್ ಗುಂಪಿಗೆ ಆಜ್ಞೆಗಳು ಉದುರುತ್ತಿದ್ದವು. ಕೆಳಗಿನವರು ಓದದೆ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ತಮ್ಮ ಪಾಡಿಗೆ ತಾವಿರುತ್ತಿದ್ದರು. ಅಷ್ಟೊಂದು ಓದಿದವರಿದ್ದ ಸಂಸ್ಥೆಯಲ್ಲಿ ಎಲ್ಲರೂ ಹೆಬ್ಬೆಟ್ಟುಗಳೇ. ಅವರಲ್ಲಿ ಎಲ್ಲರಿಗಿಂತ ಬೇಗ ಒತ್ತುತ್ತಿದ್ದವಳು ಮೀನಕ್ಕ. ಒದ್ದೆ ಕೈಯಲ್ಲೂ ಒತ್ತುತ್ತಿದ್ದಳು.

ಹೀಗಿರುವಾಗ ನಿರ್ದೇಶಕರು ಅವಳನ್ನೇ ಸಂಯೋಜಕಿ ಮಾಡಿ ಮಹಡಿ ಹತ್ತಿಸಿದರು. ಅವಳೇನೂ ಬೇಡ ಎನ್ನಲಿಲ್ಲ. ಮಂಡಿ ನೋವಿತ್ತು, ಕೂತು ಮಾಡುವ ಕೆಲಸ ಬೇಕಿತ್ತು, ನಿಜ. ಆದರೆ ಗಾಲಿ ಕುರ್ಚಿಯಲ್ಲಿ ಕೂತು ಒಮ್ಮೆ ಗಿರ್ರನೆ ತಿರುಗಿದಾಗ ಆದ ಖುಷಿಗೂ ಮಂಡಿಗೂ ಏನೂ ಸಂಬಂಧವಿರಲಿಲ್ಲ. ಅತ್ತೆಯಂತೂ ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ "ನಮ್ಮ ಸೊಸೆ ಈಗ ಮೇಲೆ" ಎಂದು ಹೇಳಿಕೊಂಡು ಬಂದಳು. ಅದನ್ನು ಕೇಳಿ ಗಾಬರಿಯಾದವರೂ ಇದ್ದರು.

ಮೀನಿನ ಕೋಣೆಗೆ ಲೆಕ್ಕಪತ್ರ ವಿಭಾಗದಿಂದ ಒಬ್ಬನನ್ನು ಹಾಕಿದರು. ಎಲ್ಲರೂ ಅವನನ್ನು ಲೆಕ್ಕದಪ್ಪ ಎನ್ನುತ್ತಿದ್ದರು. ಅವನದೊಂದು ವಿಚಿತ್ರ ಚಾಳಿ: ಹೇಳಿದ್ದನ್ನು ಮಾಡುತ್ತಿದ್ದ. ಮೀನಕ್ಕ ಅವನಿಗೆ ಕಟ್ಟುನಿಟ್ಟಾಗಿ ಹೇಳಿದ್ದಳು: "ನಾನು ಹೇಳದೆ ತೊಟ್ಟಿಯ ಒಂದು ಹನಿ ನೀರೂ ಬದಲಾಯಿಸ್ಬೇಡಿ." ಅವನು ತಲೆಯಾಡಿಸಿದ.

ಮೊದಮೊದಲು ಅವಳು ದಿನಕ್ಕೆರಡು ಸಲ ಕೆಳಗಿಳಿಯುತ್ತಿದ್ದಳು. ಆಮೇಲೆ ಒಂದು ಸಲ. ಆಮೇಲೆ ಸಭೆಗಳು ಶುರುವಾದವು. ಸಂದೇಶ ಬರೆಯುವುದರಲ್ಲಿ ಅವಳ ಕೈ ಪಳಗಿತು. 'ಮಾಡಿ' ಹೋಗಿ 'ಮಾಡತಕ್ಕದ್ದು' ಆಯಿತು. ಪ್ರತಿ ಸಂದೇಶಕ್ಕೂ ಹೆಬ್ಬೆರಳುಗಳ ಸುರಿಮಳೆಯಾದಾಗ, ಅವುಗಳ ಬೆಲೆ ಚೆನ್ನಾಗಿ ಗೊತ್ತಿದ್ದ ಅವಳಿಗೂ ಒಳಗೊಳಗೇ ಹಿತವಾಗುತ್ತಿತ್ತು.

ಒಂದು ಮಧ್ಯಾಹ್ನ ನಿರ್ದೇಶಕರಿಗೆ ಸೊಳ್ಳೆ ಕಚ್ಚಿತು. ಅಂಗಳದ ಕಾರಂಜಿಯಲ್ಲಿ, ತಾರಸಿಯ ತೊಟ್ಟಿಯಲ್ಲಿ ನಿಂತ ನೀರೇ ಕಾರಣವೆಂದು ತೀರ್ಮಾನವಾಯಿತು. ಮೀನಕ್ಕ ಕೂತಲ್ಲೇ ಬರೆದಳು: "ಸಂಸ್ಥೆಯ ಎಲ್ಲ ತೊಟ್ಟಿಗಳಲ್ಲಿ ನಿಂತ ನೀರನ್ನು ಇಂದೇ ಚೆಲ್ಲಿ, ತಿಕ್ಕಿ ತೊಳೆದು, ಹೊಸದಾಗಿ ನಲ್ಲಿ ನೀರು ತುಂಬಿಸತಕ್ಕದ್ದು." ಹೆಬ್ಬೆರಳುಗಳು ಉದುರಿದವು. ಅವಳು ಮುಂದಿನ ಸಭೆಗೆ ಹೋದಳು. ಕಾರಂಜಿಯನ್ನು ಯಾರೂ ಮುಟ್ಟಲಿಲ್ಲ. ತಾರಸಿಗೆ ಯಾರೂ ಹತ್ತಲಿಲ್ಲ.

ಮರುದಿನ ಬೆಳಿಗ್ಗೆ ಮೆಟ್ಟಿಲಿನ ಹತ್ತಿರ ಹಾಯುವಾಗ ಅವಳ ಕಾಲು ತಾನಾಗಿ ನಿಂತಿತು. ಕೆಳಗಿನಿಂದ ಟಿಕ್‌ಟಿಕ್ ಬರುತ್ತಿರಲಿಲ್ಲ. ಮಂಡಿ ನೋವು ಮರೆತು ಇಳಿದಳು.

ಕೋಣೆ ಫಳಫಳ ಹೊಳೆಯುತ್ತಿತ್ತು. ಲೆಕ್ಕದಪ್ಪ ತೋಳು ಮಡಚಿಕೊಂಡು ನಿಂತಿದ್ದ. "ಎಲ್ಲಾ ತೊಟ್ಟಿ ಮುಗಿಸಿದೆ ಮೇಡಂ. ಡ್ರಮ್ಮಿನ ನೀರೂ ಚೆಲ್ಲಿದೆ, ನಿಂತ ನೀರಲ್ವಾ. ಮೀನುಗಳು ಮಾತ್ರ ರಾತ್ರಿಯಿಂದ ಯಾಕೋ ಮಂಕಾಗಿವೆ."

ಮೀನುಗಳು ಮಂಕಾಗಿರಲಿಲ್ಲ. ದೊಡ್ಡವೂ ಮರಿಗಳೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಯಾರು ಹೇಳಿದ್ರು ನಿಮಗೆ?" ಎಂದು ಕಿರುಚಿದಳು. ಅವನು ತಬ್ಬಿಬ್ಬಾಗಿ, "ನೀವೇ ಹೇಳಿದ್ರಲ್ಲ ಮೇಡಂ," ಎಂದ. ಅವಳು ಒದ್ದೆ ನೆಲದ ಮೇಲೆ ಕುಸಿದು ಕೂತು ಅತ್ತಳು. ಇವನೊಬ್ಬ ಓದಿಬಿಟ್ಟನಲ್ಲ ಎಂದು ಸಂಕಟವಾಯಿತು. ತಾನು ಬರೆದದ್ದನ್ನು ತಾನೇ ಓದಲಿಲ್ಲವಲ್ಲ ಎಂದು ಅದಕ್ಕಿಂತ ಸಂಕಟವಾಯಿತು. ಅಲ್ಲೇ ಕೂತು ಗುಂಪಿಗೆ ಬರೆದಳು: "ಮೀನುಗಳೆಲ್ಲ ಸತ್ತಿವೆ. ತಪ್ಪು ನನ್ನದು."

ಲೆಕ್ಕದಪ್ಪ ಮೂಲೆಯ ಬಕೆಟ್ಟನ್ನು ತಂದು ಅವಳ ಮುಂದಿಟ್ಟ. ತೊಟ್ಟಿ ತಿಕ್ಕುವಾಗ ಮರಿಗಳನ್ನು ಹಳೆಯ ನೀರಿನ ಸಮೇತ ಅದರಲ್ಲಿ ಹಾಕಿಟ್ಟಿದ್ದನಂತೆ. ವಾಪಸು ಸುರಿಯುವಾಗ ತಳದ ಹಳೆಯ ನೀರಿನಲ್ಲಿ ಒಂದು ಮರಿ ಉಳಿದುಬಿಟ್ಟಿತ್ತು. ಬಾಲ ಅಲ್ಲಾಡುತ್ತಿತ್ತು.

ಅವಳು ತಂತಿಗಳನ್ನು ಬಕೆಟ್ಟಿಗೆ ಇಳಿಸಿದಳು. ಟಿಕ್. ಪರದೆಯ ಮೇಲೆ ಹಳೆಯ ಗೀರು ಮೂಡಿತು. ಅದರ ಪಕ್ಕದಲ್ಲಿ, ಇದೆಯೋ ಇಲ್ಲವೋ ಎಂಬಷ್ಟು ಚಿಕ್ಕದಾಗಿ, ಇನ್ನೊಂದು.

ಅಷ್ಟರಲ್ಲಿ ಅವಳ ಫೋನು ಟಿಂಗ್ ಎಂದಿತು. ಮತ್ತೆ ಟಿಂಗ್, ಟಿಂಗ್. ಸತ್ತ ಮೀನುಗಳ ಸುದ್ದಿಗೆ ಹೆಬ್ಬೆರಳುಗಳು ಒಂದರ ಹಿಂದೊಂದು ಬೀಳುತ್ತಿದ್ದವು. ನಿರ್ದೇಶಕರದು ಎಲ್ಲರಿಗಿಂತ ದೊಡ್ಡ ಹೆಬ್ಬೆರಳು, ಜೊತೆಗೆ 'ಶುಭೋದಯ'. ಲೆಕ್ಕದಪ್ಪ ಮಾತ್ರ ಏನನ್ನೂ ಒತ್ತಿರಲಿಲ್ಲ. ಕಣ್ಣೊರೆಸಿಕೊಂಡು ಕೇಳಿದ: "ಈಗ ಏನು ಮಾಡ್ಲಿ ಮೇಡಂ?"

"ಡ್ರಮ್ಮಿಗೆ ನೀರು ಹಿಡಿದು ನಿಲ್ಲಿಸಿ," ಎಂದಳು ಮೀನಕ್ಕ, ಫೋನಿನ ಬಾಯಿ ಮುಚ್ಚಿಸುತ್ತ. ಆಮೇಲೆ, ತಾನು ಹೇಳಿದ್ದು ಏನೆಂದು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡು, ಸೀರೆಯ ಸೆರಗು ಸಿಕ್ಕಿಸಿ ಎದ್ದಳು. "ಬೇಡ, ತಾಳಿ. ನಾನೇ ಹಿಡೀತೀನಿ."