ಅಂಜನಮೂರ್ತಿ ಆಡಿಸದ ಒಂದು ನಿಮಿಷ

ಜೋಗುಪಾಳ್ಯದ ನಮ್ಮ ಗಲ್ಲಿಯಲ್ಲಿ ತಲೆ ಬಗ್ಗಿಸದೆ ತನ್ನ ಮನೆಯೊಳಗೇ ಹೋಗಲಾರದವನು ಅಂಜನಮೂರ್ತಿ ಒಬ್ಬನೇ. ಆರಡಿ ನಾಲ್ಕಂಗುಲದ ಆಳು. ಅಪ್ಪ ಹಲಸೂರಿನ ಮಂಡಿಗಳಲ್ಲಿ ಮೂಟೆ ಹೊತ್ತ. ಮಗ ಚೆಂಡು ಹಿಡಿದು ಹೊಟ್ಟೆ ಹೊರೆದ. ಒಂದು ದೊಡ್ಡ ಕಾರ್ಖಾನೆ ತನ್ನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆಂದೇ ಅವನನ್ನು ಸೇರಿಸಿಕೊಂಡು, ಹದಿನೆಂಟು ವರ್ಷ ಸಂಬಳ ಕೊಟ್ಟು ಆಡಿಸಿತು. ಆ ತಂಡ ಅವನಿದ್ದಾಗ ಎರಡು ಸಲ ದೇಶಕ್ಕೇ ಚಾಂಪಿಯನ್ ಆಯಿತು. ಎರಡನೆಯ ಸಲ ಗೆದ್ದಾಗ ಗಲ್ಲಿಯವರೆಲ್ಲ ತಮಟೆ ಬಡಿಸಿಕೊಂಡು ಅವನನ್ನು ಕರೆತಂದೆವು.

ಆ ಕೆಲಸ ಸಿಕ್ಕ ಬಗೆಯನ್ನು ಅವನೇ ಹೇಳುತ್ತಿದ್ದ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ಬೆಂಚು ಕಾಯುವ ಆಟಗಾರ. ಕೋಚ್ ಶಿವಾಜಿನಗರದ ಅಹ್ಮದ್ ಪಾಷಾ. ರಾಜ್ಯದ ಫೈನಲ್ ಮುಗಿಯಲು ಒಂದು ನಿಮಿಷ ಇದ್ದಾಗ ಪಾಷಾ ಬೆನ್ನಿಗೊಂದು ಗುದ್ದಿದರಂತೆ:

“ಏಳೋ ಲಂಬೂ! ಚೆಂಡು ಮುಟ್ಟದೇ ಇದ್ರೂ ಪರ್ವಾಗಿಲ್ಲ, ಒಳಗ್ ಇಳಿ. ಕಾಗದದಲ್ಲಿ ನಿನ್ ಹೆಸ್ರು ಮುಂದೆ ಗುರ್ತು ಬೀಳ್ಲಿ.”

ಪಂದ್ಯದ ಅಂಕಪಟ್ಟಿಯಲ್ಲಿ ಅಂಗಳಕ್ಕಿಳಿದವರ ಹೆಸರಿನ ಮುಂದೆ ಮಾತ್ರ ಗುರುತು ಬೀಳುತ್ತದೆ. ಕ್ರೀಡಾ ಕೋಟಾದಲ್ಲಿ ಕೆಲಸ ಕೊಡುವವರು ಕೇಳಿದ್ದು ಫೈನಲ್ಲಿನ ಆ ಗುರುತನ್ನೇ. ಬೆಂಚಿನಲ್ಲಿ ಕೂತೇ ಗೆದ್ದವರು ಅವರ ಲೆಕ್ಕಕ್ಕಿಲ್ಲ.

ಮೊಣಕಾಲು ಸವೆದ ಮೇಲೆ ಅಂಜನಮೂರ್ತಿ ಹಲಸೂರಿನ ಒಂದು ಕ್ಲಬ್ಬಿನ ಹುಡುಗಿಯರಿಗೆ ಕೋಚ್ ಆದ. ಪಾಷಾ ಸಾಹೇಬರ ಪದ್ಧತಿಯನ್ನು ವ್ರತದಂತೆ ನಡೆಸಿದ. ಫೈನಲ್ ತಲುಪಿದರೆ ಸಾಕು, ಬೆಂಚಿನಲ್ಲಿದ್ದವರಿಗೆಲ್ಲ ಕಡೆಯ ಗಳಿಗೆಯಲ್ಲಿ ಒಂದೊಂದು ನಿಮಿಷ. ಹಾಗೆ ಇಳಿದವರಲ್ಲಿ ನಾಲ್ವರು ಇಂದು ಸರ್ಕಾರಿ ಸಂಬಳ ಎಣಿಸುತ್ತಿದ್ದಾರೆ. ಆದರೆ ಹನ್ನೊಂದು ವರ್ಷವಾದರೂ ಕಪ್ ಬರಲಿಲ್ಲ. ಚಾಂಪಿಯನ್ ಆಗಿದ್ದವನಿಗೆ ಅದು ಒಳಗೊಳಗೇ ಕೊರೆಯುತ್ತಿತ್ತು.

ಎರಡು ವರ್ಷದ ಹಿಂದಿನ ಫೈನಲ್. ಬೆಂಚಿನಲ್ಲಿ ಉಳಿದಿದ್ದವಳು ಯಮುನಾ ಒಬ್ಬಳೇ. ತಾಯಿ ಚಿಕ್ಕಮುನಿಯಮ್ಮ ಗಾರ್ಮೆಂಟ್ಸಿನಲ್ಲಿ ಬೆನ್ನು ಬಗ್ಗಿಸಿ ಸಾಕಿದ ಮಗಳು. ಕೋಟಾದ ಕೆಲಸಕ್ಕೆ ಅವಳ ವಯಸ್ಸಿನ ಮಿತಿ ಆ ವರ್ಷಕ್ಕೇ ಮುಗಿಯುತ್ತಿತ್ತು. ಉಳಿದಿದ್ದದ್ದು ಐವತ್ತು ಸೆಕೆಂಡು, ನಮ್ಮವರು ಮುಂದಿದ್ದದ್ದು ಒಂದೇ ಪಾಯಿಂಟು. ಯಮುನಾ ಜಾಕೆಟ್ ಬಿಚ್ಚಿ ಎದ್ದು ನಿಂತಳು.

“ಸರ್, ಹೋಗ್ಲಾ?”

“ಇರಮ್ಮ, ಇನ್ನೊಂದ್ ಬಾಸ್ಕೆಟ್ ಬೀಳ್ಲಿ. ಆಮೇಲ್ ಇಳಿಸ್ತೀನಿ.”

ಬಾಸ್ಕೆಟ್ ಬೀಳಲಿಲ್ಲ. ಕಡೆಯ ಸೀಟಿ ಮೊಳಗಿತು. ಒಂದು ಪಾಯಿಂಟಿನಿಂದ ಗೆದ್ದರು. ಹುಡುಗಿಯರು ಕೋಚನ್ನು ಎತ್ತಲು ಹೋಗಿ ಭಾರಕ್ಕೆ ನಗುತ್ತಾ ಕೆಳಗೆ ಬಿದ್ದರು. ಯಮುನಾ ಜಾಕೆಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಚಪ್ಪಾಳೆ ತಟ್ಟಿದಳು.

ಕೋಟಾದ ಕೆಲಸಕ್ಕೆ ಹಾಕಿದ್ದ ಅವಳ ಅರ್ಜಿ ತಿಂಗಳೊಳಗೆ ವಾಪಸಾಯಿತು. ಅವಳು ಆಡಿದಳೆಂದು ತಾನೇ ಕಾಗದ ಬರೆದುಕೊಡುತ್ತೇನೆಂದು ಅಂಜನಮೂರ್ತಿ ಅವರ ಮನೆಗೆ ಓಡಿದ.

“ಬೇಡಿ ಸರ್,” ಅಂದಳು ಯಮುನಾ. “ಸುಳ್ಳು ಅಂತ ಗೊತ್ತಾದ್ರೆ ನಿಮ್ ಹೆಸ್ರು ಕೆಡುತ್ತೆ.”

ಚಿಕ್ಕಮುನಿಯಮ್ಮ ಒಲೆಯ ಕಡೆಯಿಂದ ತಿರುಗಲೂ ಇಲ್ಲ. “ಆ ಕಪ್ಪಲ್ಲಿ ಅನ್ನ ಬೇಯ್ಸಕ್ಕಾಯ್ತದಾ ಮೂರ್ತಣ್ಣ? ಆಗೋದಾದ್ರೆ ತಂದ್ಕೊಡು.”

ಆ ಮಾತು ಅವನ ಬೆನ್ನು ಬಿಡಲಿಲ್ಲ. ಅಂಗಳಕ್ಕೆ ಹೋದರೂ ಹುಡುಗಿಯರನ್ನು ಗದರಿಸಲು ಬಾಯಿ ಬರುತ್ತಿರಲಿಲ್ಲ. ಹೋಗುವುದು ಕಮ್ಮಿಯಾಯಿತು, ಕಡೆಗೆ ನಿಂತೇಹೋಯಿತು. ಕ್ಲಬ್ಬಿನವರು ಎರಡು ಸಲ ಬಂದು ಕರೆದರು. ಮಂಡಿ ನೋವೆಂದ.

ಮೊನ್ನೆ ಮಾರತ್ತಹಳ್ಳಿಯ ಒಂದು ಬಟ್ಟೆ ಅಂಗಡಿಗೆ ಹೋದ. ಯಮುನಾ ಅಲ್ಲಿ ಕೆಲಸಕ್ಕಿದ್ದಾಳೆಂದು ಯಾರೋ ಹೇಳಿದ್ದರು. ತಪ್ಪಾಯಿತು ಎನ್ನಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದನಂತೆ. ಅವನನ್ನು ಕಂಡ ಕೂಡಲೇ ಅವಳು ಅರಳಿದಳು.

“ಅಯ್ಯೋ ಸರ್! ನಿಮ್ ಅಳತೆ ಶರ್ಟು ಇಡೀ ಮಾರತ್ತಹಳ್ಳೀಲೇ ಸಿಗಲ್ಲ. ಕೂತ್ಕೊಳ್ಳಿ. ಈ ಸಲ ಟೀಮ್ ಹೆಂಗಿದೆ?”

“ಚೆನ್ನಾಗಿದೆ ಕಣಮ್ಮ,” ಅಂದ.

“ಬೆಂಚಲ್ಲಿ ಯಾರ್‍ಯಾರಿದ್ದಾರೆ?”

ಅವನಿಗೆ ಒಂದು ಹೆಸರೂ ಗೊತ್ತಿರಲಿಲ್ಲ.