ಬೇಲಿಬಾಗಿಲು ಮುಚ್ಚುವವನು

ಥಾರ್ನ್‌ಬೆಕ್ ಸಂತೆಚೌಕದಿಂದ ಹಾಳುಮಠದವರೆಗಿನ ಭಾನುವಾರದ ನಡಿಗೆ ಎಂದರೆ ದಾರಿ ತೋರಿಸುತ್ತ ಮ್ಯೂರಿಯಲ್ ಮುಂದೆ, ನೋಡಬಂದ ಜನ ನಡುವೆ, ಗಂಡ ಸಿರಿಲ್ ಹಿಂದೆ. ಅವಳದು ಬಾಯಿ ತುಂಬ ಮಾತು: ಇಗೋ ನೀರುನಾಯಿಯ ಹೆಜ್ಜೆ, ಅಗೋ ಸನ್ಯಾಸಿಗಳು ಮೀನು ಸಾಕುತ್ತಿದ್ದ ಕೊಳ. ಅವನೋ ತುಟಿಪಿಟಕ್ಕೆನ್ನದೆ, ಎಲ್ಲರೂ ದಾಟಿದ ಮೇಲೆ ಬೇಲಿಬಾಗಿಲು ಮುಚ್ಚಿ ಬರುತ್ತಿದ್ದ. ಮೂವತ್ತು ವರ್ಷ ಹೀಗೇ ನಡೆಯಿತು. ಕಳೆದ ಚಳಿಗಾಲದಲ್ಲಿ ಸಿರಿಲ್ ತೀರಿಕೊಂಡ.

ವಸಂತ ಬಂತು. "ಈ ಸಲ ನಡಿಗೆ ಇದ್ಯೋ ಇಲ್ವೋ?" ಎಂದು ಜನ ಕೇಳಿದರು.

"ಯಾಕಿರಲ್ಲ? ನನ್ನ ಕಾಲೇನು ಬಿದ್ದೋಯ್ತಾ?" ಎಂದು ರೇಗಿ ಬೂಟು ಕಟ್ಟಿದಳು. ಮನೆಯಲ್ಲಿ ಕೂತರೆ ದುಃಖ ತಿಂದುಹಾಕುತ್ತದೆಂದು ಅವಳಿಗೆ ಗೊತ್ತಿತ್ತು. ಆ ನಡಿಗೆಯೊಂದೇ ಅವಳಿಗೆ ಉಳಿದಿದ್ದ ಆಸರೆ.

ಮಠದ ಹಾದಿ ಹೋಗುವುದು ಹೆಸ್ಕೆತ್ ಎಂಬ ರೈತನ ಕುರಿಹೊಲದ ನಡುವೆ. ಒಂದು ಸಲ ಬಾಗಿಲು ತೆರೆದಿಟ್ಟರೂ ಹಾದಿ ಬಂದ್ ಎಂದು ಅವನು ಹೇಳಿಯೇ ಇದ್ದ. ಆ ಸೀಮೆಯವರು ಹೊಡೆದವರನ್ನಾದರೂ ಮರೆತಾರು, ಬೇಲಿಬಾಗಿಲು ತೆರೆದಿಟ್ಟವರನ್ನು ಏಳು ಜನ್ಮಕ್ಕೂ ಬಿಡರು.

ಮುರಿದ ಕಮಾನಿನ ಕೆಳಗೆ ನಿಂತು ಮ್ಯೂರಿಯಲ್ ಗೂಬೆಯ ಗೂಡು ತೋರಿಸುತ್ತಿದ್ದಾಗ ಎಲ್ಲರೂ ಕಿಸಕ್ಕನೆ ನಕ್ಕರು. ತಿರುಗಿದರೆ, ಮರಿಗಳ ಸಮೇತ ಕುರಿಮಂದೆಯೇ ಮಠದೊಳಗೆ ಬರುತ್ತಿದೆ! ಅಯ್ಯೋ ದೇವರೇ, ಬೇಲಿಬಾಗಿಲು! ಹಿಂದೆ ನಿಂತು ಬಾಗಿಲು ಮುಚ್ಚಿ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಸಿರಿಲ್ ಇದ್ದಾನೆಂದೇ ನಡೆದುಬಿಟ್ಟಿದ್ದಳು.

ಹೆಸ್ಕೆತ್ ದಾಪುಗಾಲು ಹಾಕುತ್ತ ಬಂದ. "ಏನ್ರೀ ಮ್ಯೂರಿಯಲ್, ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು? ಒಂದು ಬಾಗಿಲು ಮುಚ್ಚೋಕೆ ಆಗ್ಲಿಲ್ವಾ?"

"ಸಿರಿಲ್ ಮುಚ್ತಾನೆ ಅಂದ್ಕೊಂಡೆ ಕಣಪ್ಪಾ," ಎಂದಳು.

ಹೆಸ್ಕೆತ್ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ನಾಯಿಗೆ ಸಿಳ್ಳೆ ಹೊಡೆದು ಕುರಿಗಳನ್ನು ಹೊಲಕ್ಕೆ ಅಟ್ಟಿಸಿದ.

"ತಪ್ಪು ನಂದೇ. ಹಾದಿ ಬಂದ್ ಮಾಡ್ತೀಯಾ?" ಎಂದು ಮ್ಯೂರಿಯಲ್ ಕೇಳಿದಳು.

"ಬಂದ್ ಮಾಡಿ ನಿಮ್ಮ ಬೈಗುಳ ಯಾರು ತಿಂತಾರೆ? ಇವ್ರಿಗೆ ಇನ್ನೂ ಹೊಳೆದಂಡೆ ತೋರಿಸ್ಬೇಕಲ್ವಾ, ನಡೀರಿ ಮುಂದೆ. ಹಿಂದೆ ನಾನಿರ್ತೀನಿ."

ಹೊಳೆಯ ಕಡೆಯ ಬಾಗಿಲನ್ನು ಜನರೆಲ್ಲ ದಾಟಿದ ಮೇಲೆ ಹಿಂದೆ ಚಿಲಕ ಬಿದ್ದ ಸದ್ದಾಯಿತು. ತಿರುಗಿ ನೋಡಬಾರದೆಂದು ಮ್ಯೂರಿಯಲ್ ಹಟ ಹಿಡಿದು ನಡೆದಳು. ನೋಡಿದರೆ ಅದು ಸಿರಿಲ್ ಅಲ್ಲವೆಂದು ಗೊತ್ತಾಗಿಬಿಡುತ್ತದಲ್ಲ.