ಬೆಂಡು ಬಿಚ್ಚುವ ಮೊದಲು

ನಾನು ಇಂಟರ್ ಸೈನ್ಸ್ ಓದುತ್ತಿದ್ದ ವರ್ಷ, ಐವತ್ತರ ದಶಕದ ನಡುವಿನಲ್ಲಿ, ನಮ್ಮ ಕಾಲೇಜಿನ ಬೋಟ್ ಕ್ಲಬ್ಬಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದರು. ಡಿಸೆಂಬರ್ ರಜೆಯಲ್ಲಿ ಅಂಬಾಝರಿ ಕೆರೆಯ ಮೇಲೆ ಒಂದು ವಾರದ ತರಬೇತಿ ಶಿಬಿರ. ಕಲಕತ್ತೆಯಿಂದ ಒಬ್ಬ ತರಬೇತುದಾರರು ಬರುತ್ತಾರೆ. ನಾಗಪುರದ ಪ್ರತಿ ಕಾಲೇಜಿನಿಂದ ಒಂದೇ ಒಂದು ಜೋಡಿಗೆ ಅವಕಾಶ.

ನಮ್ಮ ಕಾಲೇಜಿನ ಜೋಡಿ ಯಾವುದೆಂದು ಯಾರೂ ಕೇಳುವ ಅಗತ್ಯವಿರಲಿಲ್ಲ. ನಾನು ಮತ್ತು ನನ್ನ ಗೆಳೆಯ ಎರಡು ವರ್ಷದಿಂದ ಒಂದೇ ದೋಣಿಯಲ್ಲಿ ಕೂರುತ್ತಿದ್ದೆವು. ಅದು ಇಬ್ಬರಷ್ಟೇ ಕೂರುವ, ಉದ್ದನೆಯ, ತೆಳು ಹಲಗೆಯ ದೋಣಿ. ಒಬ್ಬೊಬ್ಬರ ಕೈಯಲ್ಲಿ ಎರಡೆರಡು ಹುಟ್ಟು. ದೋಣಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಒಬ್ಬರ ಹಿಂದೆ ಒಬ್ಬರು ಕೂರಬೇಕು. ನನ್ನ ಕಣ್ಣ ಮುಂದೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಬಾಗಿದಾಗ ನಾನು ಬಾಗಬೇಕು, ಅದು ಎದ್ದಾಗ ನಾನು ಏಳಬೇಕು. ಲಯ ಹಿಡಿಯುವವನು ಅವನು. ನಾನು ಅವನನ್ನು ಹಿಂಬಾಲಿಸುವವನು. ಈ ಮಾತನ್ನು ಆಗ ಒಪ್ಪಿಕೊಳ್ಳಲು ನನಗೆ ಕಷ್ಟವಾಗುತ್ತಿತ್ತು.

ನಮ್ಮಿಬ್ಬರ ಮನೆಯೂ ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಇಬ್ಬರ ತಂದೆಯರೂ ಹುಬ್ಬಳ್ಳಿ ಕಡೆಯಿಂದ ವರ್ಗವಾಗಿ ಬಂದವರು. ನನ್ನಪ್ಪ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ, ಅವನಪ್ಪ ಲೋಕೋ ಶೆಡ್ಡಿನಲ್ಲಿ ಫಿಟ್ಟರ್. ಕಾಲೇಜಿನಲ್ಲಿ ಹಿಂದಿ, ಮರಾಠಿ ಮಾತಾಡಿ ಸಾಕಾಗಿ, ಕೆರೆಯ ನಡುವೆ ನಾವಿಬ್ಬರೇ ಇದ್ದಾಗ ಗಟ್ಟಿಯಾಗಿ ಕನ್ನಡ ಮಾತಾಡುತ್ತಿದ್ದೆವು.

ಚೀಟಿಯಲ್ಲಿ ತರಬೇಕಾದ ಸಾಮಾನುಗಳ ಪಟ್ಟಿ ಇತ್ತು: ಬಿಳಿ ಚಡ್ಡಿ, ಉಣ್ಣೆಯ ಬನಿಯನ್, ಕಂಬಳಿ, ತಾಟು, ಲೋಟ, ತಂದೆಯ ಒಪ್ಪಿಗೆ ಪತ್ರ. ಕಡೆಯ ಸಾಲನ್ನು ಕೆಂಪು ಶಾಯಿಯಲ್ಲಿ ಬರೆದಿದ್ದರು. ಶಿಬಿರದ ಹಿಂದಿನ ದಿನ ಎಲ್ಲರೂ ಬಟ್ಟೆ ಸಮೇತ ಐವತ್ತು ಗಜ ಈಜಿ ತೋರಿಸಬೇಕು, ಈಜದವರಿಗೆ ಪ್ರವೇಶವಿಲ್ಲ.

ಅವನು ಅದನ್ನು ಎರಡು ಸಲ ಓದಿದ. ಸೈಕಲ್ ಹತ್ತಿ ಅರ್ಧ ದಾರಿ ಬಂದ ಮೇಲೆ ಬಾಯಿ ಬಿಟ್ಟ.

"ಲೇ, ನನಗ ಈಸಾಕ ಬರೂದಿಲ್ಲ."

ನಾನು ಬ್ರೇಕ್ ಹಾಕಿದೆ. "ಎರಡು ವರ್ಷ ಆತು ದೋಣ್ಯಾಗ ಕುಂತು! ಈಗ ಹೇಳ್ತೀಯಲ್ಲೋ?"

"ದೋಣಿ ಮುಳುಗಿದ್ದಿಲ್ಲಲ್ಲ," ಎಂದ.

ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅವನ ಮುಖ ಸಣ್ಣದಾಯಿತು. ಶಿಬಿರಕ್ಕೆ ಹದಿನೇಳು ದಿನ ಉಳಿದಿತ್ತು.

"ನಾ ಕಲಿಸ್ತೀನಿ," ಅಂದೆ. "ಹದಿನೈದು ದಿನ ಸಾಕು. ದಿನಾ ಮುಂಜಾನೆ ಹೋಗೂಣು."

"ಬರೋಬರ್ ಬರ್ತೀಯಲ್ಲ? ನಡುವ ಕೈ ಬಿಡಬ್ಯಾಡ."

"ಬರ್ತೀನಿ ಅಂದೆನಲ್ಲ."

ಈಗ ಬಜಾಜ್ ನಗರದ ಮನೆಗಳಿರುವ ಕಡೆ ಆಗ ಒಂದು ಕಿತ್ತಳೆ ತೋಟವಿತ್ತು. ಅದರಲ್ಲಿ ಮೆಟ್ಟಿಲಿದ್ದ ದೊಡ್ಡ ಬಾವಿ. ಎತ್ತುಗಳನ್ನು ಹೂಡಿ ನೀರೆತ್ತಲು ಶುರುಮಾಡುವ ಮೊದಲು ಈಜಿಕೊಳ್ಳಿ ಎಂದು ಅಲ್ಲಿಯ ಮುದಿ ಮಾಲಿ ಒಪ್ಪಿದ. ನಾನು ಈಜು ಕಲಿತದ್ದು ಅಜ್ಜಿಯ ಊರಿನ ಬಾವಿಯಲ್ಲಿ, ಸೋದರಮಾವನ ಕೈಯಲ್ಲಿ. ಮುಳುಗದಂತೆ ತೇಲಿಸಲು ಮಾವ ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆಯ ಬೆಂಡು ಕಟ್ಟಿದ್ದ. ನಾಗಪುರದಲ್ಲಿ ಸೋರೆಬುರುಡೆಯನ್ನು ಎಲ್ಲಿ ಹುಡುಕುವುದು? ಗೆಳೆಯನ ಅಪ್ಪ ಶೆಡ್ಡಿನಿಂದ ಒಂದು ಖಾಲಿ ಎಣ್ಣೆ ಡಬ್ಬಿ ತಂದು, ಬಾಯಿಗೆ ಬೆಸುಗೆ ಹಾಕಿ, ಹಗ್ಗ ಪೋಣಿಸಲು ಎರಡು ಕಿವಿ ಮಾಡಿಕೊಟ್ಟರು. ಅದೇ ನಮ್ಮ ಬೆಂಡಾಯಿತು.

ಮೊದಲ ದಿನ ಅವನು ಮೆಟ್ಟಿಲು ಬಿಟ್ಟು ಕದಲಲಿಲ್ಲ. ದೋಣಿಯಲ್ಲಿ ಸಿಂಹದಂತೆ ಕೂರುತ್ತಿದ್ದವನು ಎದೆಮಟ್ಟದ ನೀರಿಗೆ ಹಲ್ಲು ಕಡಿಯುತ್ತಾ ನಿಂತಿದ್ದ. ಡಿಸೆಂಬರಿನ ಚಳಿಯಲ್ಲಿ ಬಾವಿಯ ನೀರು ಬೆಚ್ಚಗಿತ್ತು, ಮೇಲೆ ಹಬೆ ಆಡುತ್ತಿತ್ತು. ನಡುಕ ಚಳಿಯದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಎರಡನೆಯ ದಿನ ಅವನೇ ಮೆಟ್ಟಿಲು ಬಿಟ್ಟ. ಐದನೆಯ ದಿನ ಡಬ್ಬಿ ಕಟ್ಟಿಕೊಂಡು ಬಾವಿಯ ಈ ಗೋಡೆಯಿಂದ ಆ ಗೋಡೆಗೆ ಹೋದ. ಒಂಬತ್ತನೆಯ ದಿನ, ಡಬ್ಬಿ ಇದೆಯೆಂಬುದನ್ನೇ ಮರೆತವನಂತೆ ಬಾವಿಯನ್ನು ನಾಲ್ಕು ಸುತ್ತು ಹಾಕಿದ. ಮೇಲಿಂದ ಮಾಲಿ ಶಾಬಾಸ್ ಎಂದು ಕೂಗಿದ.

"ಇನ್ನ ಬೆಂಡ ಬಿಚ್ಚೂಣು," ಅಂದೆ. "ನಾಳೆ."

"ನಾಳೆ ನೀ ಬಾಜೂಕ್ಕ ಇರು. ನೀ ಇದ್ರ ಬಿಚ್ಚತೀನಿ."

ಬೆಂಡು ಬಿಚ್ಚುವುದೇ ಕಲಿಕೆಯ ಕಡೆಯ ಪಾಠ. ದಣಿವಾದಾಗ ಅಂಗಾತ ಮಲಗಿ ತೇಲುವುದನ್ನು ಆಗಲೇ ಹೇಳಿಕೊಡಬೇಕು. ನನ್ನ ಮಾವ ಅದಕ್ಕೆಂದೇ ಮೂರು ದಿನ ಇಟ್ಟಿದ್ದ.

ಮನೆಯಲ್ಲೂ ತಯಾರಿ ನಡೆದಿತ್ತು. ಅವ್ವ ಅಂಟಿನ ಉಂಡಿ ಕಟ್ಟಿ ಎರಡು ಡಬ್ಬಿಗಳಲ್ಲಿ ತುಂಬಿದಳು, ಒಂದು ನನಗೆ, ಒಂದು ಅವನಿಗೆ. ಅಪ್ಪ ಒಪ್ಪಿಗೆ ಪತ್ರವನ್ನು ಆಫೀಸಿನ ಅರ್ಜಿಯಂತೆ ಮೂರು ಸಲ ತಿದ್ದಿ ಬರೆದರು. ಅಂಗೈಯ ಗುಳ್ಳೆಗಳು ಗಟ್ಟಿಯಾಗಲೆಂದು ನಾನು ಪಟಿಕದ ನೀರಿನಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದೆ.

ಒಂಬತ್ತನೆಯ ದಿನವೇ ಸಂಜೆ ಕ್ಲಬ್ಬಿನ ಕ್ಯಾಪ್ಟನ್ ನನ್ನನ್ನು ಕರೆದ. ಅವನು ಕಡೆಯ ವರ್ಷದ ವಿದ್ಯಾರ್ಥಿ, ದೊಡ್ಡ ಅಧಿಕಾರಿಯ ಮಗ. ಸಿವಿಲ್ ಲೈನ್ಸಿನಲ್ಲಿ ಅವರ ಬಂಗಲೆ. ಅದುವರೆಗೆ ನನ್ನ ಹೆಸರೂ ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ. ನನ್ನ ಹೆಗಲ ಮೇಲೆ ಕೈ ಹಾಕಿ ಹಿಂದಿಯಲ್ಲಿ ಹೇಳಿದ:

"ನಿನ್ನ ಜೋಡಿದಾರನಿಗೆ ಈಜು ಬರುವುದಿಲ್ಲವಂತೆ. ಪರೀಕ್ಷೆಯಲ್ಲಿ ಅವನು ಉಳಿಯದಿದ್ದರೆ ನೀನೂ ಹೋದೆ. ನನ್ನ ಚಿಕ್ಕಪ್ಪನ ಮಗ ಇದ್ದಾನೆ, ನಮ್ಮ ಕಾಲೇಜಿನವನೇ. ಚೆನ್ನಾಗಿ ಈಜುತ್ತಾನೆ. ಯಾವುದಕ್ಕೂ ಇರಲಿ, ನಾಳೆಯಿಂದ ಬೆಳಗ್ಗೆ ಅವನ ಜೊತೆ ದೋಣಿ ಹಾಕಿ ನೋಡು."

"ಬೆಳಗ್ಗೆಯೇ ಆಗಬೇಕಾ?" ಎಂದು ಕೇಳಿದೆ.

"ಬಿಸಿಲೇರಿದ ಮೇಲೆ ಗಾಳಿ ಏಳುತ್ತದೆ, ನಿನಗೆ ಗೊತ್ತಿಲ್ಲವೇ?"

ಗೊತ್ತಿತ್ತು. ಬೆಳಗ್ಗೆ ಬಾವಿಗೆ ಹೋಗುವುದಿದೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಮರುದಿನ ಕೆರೆಯಿಂದ ಬಂಗಲೆಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟರು. ಬೆತ್ತದ ಕುರ್ಚಿ, ಅಗಲವಾದ ವರಾಂಡ, ತಟ್ಟೆಯಲ್ಲಿ ಕೇಕು. ಗುಮಾಸ್ತನ ಮಗನಿಗೆ ಅಷ್ಟು ಸಾಕಾಯಿತು.

ಅವತ್ತು ಮಧ್ಯಾಹ್ನ ಗೆಳೆಯ ಕಾಲೇಜಿನಲ್ಲಿ ಸಿಕ್ಕ. "ಯಾಕೋ, ಬರಲಿಲ್ಲ? ಎತ್ತು ಹೂಡೂತನಾ ಕಾದೆ."

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತೇನೋ. "ಅಪ್ಪಗ ಆರಾಮಿಲ್ಲೋ. ಜ್ವರಾ. ಮುಂಜಾನೆ ಮನ್ಯಾಗ ಇರಬೇಕಾಗೇತಿ."

"ಹೌದಾ? ಹಂಗಾದ್ರ ನೀ ಬರಬ್ಯಾಡ. ಅಪ್ಪಾರನ್ನ ನೋಡ್ಕೋ. ನಾ ಡಬ್ಬಿ ಕಟಗೊಂಡು ಈಸತಿರ್ತೀನಿ. ಅವರಿಗೆ ಆರಾಮಾದ ಕೂಡ್ಲೆ ಬಾ."

ನಾನು ಹೋಗಲಿಲ್ಲ. ಅವನು ಸೋಲಲಿ ಎಂದು ನಾನು ಬಯಸಿರಲಿಲ್ಲ, ಇದು ನಿಜ. ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎಂದುಕೊಳ್ಳುತ್ತಿದ್ದೆ. ಆದರೆ ಅವನು ಸೋತರೂ ನನ್ನ ಜಾಗ ಭದ್ರ ಎಂಬ ನೆಮ್ಮದಿ ಒಳಗೆ ಕೂತಿತ್ತು. ಅದು ಇದ್ದದ್ದರಿಂದಲೇ ನಾಳೆ ನಾಳೆ ಎನ್ನಲು ಸಾಧ್ಯವಾಯಿತು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು.

ನಾಲ್ಕನೆಯ ದಿನ ಕೆರೆಯಿಂದ ಮನೆಗೆ ಬಂದಾಗ ಅಡುಗೆಮನೆಯ ಬಾಗಿಲಲ್ಲಿ ಒಂದು ಬುಟ್ಟಿ ಕಿತ್ತಳೆ ಇತ್ತು. ಅಪ್ಪ ಆಫೀಸಿಗೆ ಹೊರಡಲು ಕೋಟು ಹಾಕಿಕೊಳ್ಳುತ್ತಿದ್ದರು.

"ನಿನ್ನ ದೋಸ್ತ ಬಂದಿದ್ದಪಾ. ತ್ವಾಟದ ಮಾಲಿ ಕಡೆ ಹಣ್ಣು ಇಸಗೊಂಡು ಬಂದಾನ. ಬಾಗಲಾ ತಗದ್ರ ನನ್ನ ಮಾರಿ ನೋಡಕೋತ ನಿಂತ. 'ಕಾಕಾ, ಆರಾಮದೀರಿ?' ಅಂದ. ನನಗೇನಾಗೇತೋ, ಗಟ್ಟಿ ಅದೀನಿ, ಯಾಕ ಅಂತ ಕೇಳಿದೆ."

"ಏನಂದ?" ಎಂದೆ.

"'ಏನಿಲ್ಲ ಕಾಕಾ, ಸುಮ್ಮನ ಬಂದೆ, ಹಣ್ಣು ಛಲೋ ಅದಾವು' ಅಂದ. ನೀ ಎಲ್ಲಿ ಅಂತ ಕೇಳಿದ. ಕೆರಿಗೆ ಹೋಗ್ಯಾನ, ದಿನಾ ಮುಂಜಾನೆ ಅಲ್ಲೇ ಇರ್ತಾನ ಅಂದೆ. ಚಹಾ ಕುಡಿ ಅಂದ್ರ ನಿಂದರಲಿಲ್ಲ."

ಅವ್ವ ಒಂದು ಹಣ್ಣು ಸುಲಿದು ನನ್ನ ಕೈಗಿಟ್ಟಳು. ತಿನ್ನಲಾಗಲಿಲ್ಲ. ಅವನ ಮನೆ ನಮ್ಮ ಸಾಲಿನಿಂದ ಮೂರನೆಯ ಸಾಲು, ನಡೆದರೆ ಐದು ನಿಮಿಷ. ಚಪ್ಪಲಿ ಮೆಟ್ಟಿ ಹೊರಟು, ನಲ್ಲಿಯ ಕಟ್ಟೆಯವರೆಗೆ ಹೋಗಿ, ಅವನ ಅವ್ವ ಅಂಗಳದಲ್ಲಿ ನಿಂತದ್ದು ಕಂಡು ತಿರುಗಿ ಬಂದೆ. ಅವತ್ತು ಹೋಗಿದ್ದರೂ ಇನ್ನೂ ಎರಡು ಮುಂಜಾನೆಗಳಿದ್ದವು. ಬೆಂಡು ಬಿಚ್ಚಲು ಎರಡು ಮುಂಜಾನೆ ಸಾಕಾಗುತ್ತಿತ್ತು.

ಪರೀಕ್ಷೆಯ ದಿನ ಅವನು ಬರುವುದಿಲ್ಲವೆಂದು ನಾನು ತಿಳಿದಿದ್ದೆ. ಅವನು ಎಲ್ಲರಿಗಿಂತ ಮೊದಲು ಬಂದಿದ್ದ. ಒಗೆದು ಇಸ್ತ್ರಿ ಮಾಡಿದ ಬಿಳಿ ಚಡ್ಡಿ, ಅಂಗಿ. ನನ್ನನ್ನು ನೋಡಿ ತಲೆಯಾಡಿಸಿದ. ಕ್ಯಾಪ್ಟನ್ನಿನ ತಮ್ಮ, ಆ ಚಿಕ್ಕಪ್ಪನ ಮಗ, ನನ್ನ ಪಕ್ಕದಲ್ಲಿ ನಿಂತದ್ದನ್ನೂ ನೋಡಿದ.

ಕೆರೆಯಲ್ಲಿ ಲಂಗರು ಹಾಕಿದ ಒಂದು ತೆಪ್ಪದಿಂದ ದಂಡೆಗೆ ಈಜಿ ಬರಬೇಕಿತ್ತು. ನಾನು ಬಂದೆ, ಕ್ಯಾಪ್ಟನ್ನಿನ ತಮ್ಮ ಬಂದ. ಗೆಳೆಯನ ಸರದಿ ಬಂದಾಗ ಅವನು ಹಿಂದೆ ಮುಂದೆ ನೋಡದೆ ಹಾರಿದ. ಬೆನ್ನ ಮೇಲೆ ಡಬ್ಬಿ ಇಲ್ಲದೆ ಅವನನ್ನು ನೀರಿನಲ್ಲಿ ನಾನು ನೋಡಿದ್ದು ಅದೇ ಮೊದಲು. ಅರ್ಧ ದಾರಿಯವರೆಗೆ ಚೆನ್ನಾಗಿಯೇ ಬಂದ. ನನ್ನ ಎದೆ ಹಗುರಾಯಿತು. ಅವನು ಗೆದ್ದರೆ ನಾನು ಬದುಕಿಕೊಂಡೆ ಅನ್ನಿಸಿತು. ಆಮೇಲೆ ಅಂಗಿಯ ತೋಳುಗಳು ನೀರು ಕುಡಿದು ಭಾರವಾದವೋ ಏನೋ, ಕೈ ಬೀಸುವುದು ನಿಧಾನವಾಯಿತು. ತಲೆ ಒಮ್ಮೆ ಮುಳುಗಿ ಎದ್ದಿತು.

"ಅಂಗಾತ ಆಗೋ! ಅಂಗಾತ!" ಎಂದು ನಾನು ದಂಡೆಯಿಂದ ಕೂಗಿದೆ.

ಹಾಗೆಂದರೇನೆಂದು ಅವನಿಗೆ ನಾನು ಕಲಿಸಿರಲೇ ಇಲ್ಲ. ಮತ್ತೆ ಮುಳುಗಿದ. ಪಕ್ಕದ ದೋಣಿಯಲ್ಲಿದ್ದ ಅಂಬಿಗ ಬಿದಿರಿನ ಗಳ ಚಾಚಿ ಅವನನ್ನು ಎಳೆದುಕೊಂಡ. ದಂಡೆಗೆ ಇನ್ನು ಹದಿನೈದು ಗಜವೂ ಇರಲಿಲ್ಲ.

ಅವನನ್ನು ಮಗ್ಗುಲಾಗಿ ಮಲಗಿಸಿದರು. ನೀರು ಕಾರಿದ, ಎದ್ದು ಕೂತ. ನಾನು ಟವೆಲ್ ಹಿಡಿದು ಹತ್ತಿರ ಹೋದೆ. ಅವನು ಟವೆಲ್ ತೆಗೆದುಕೊಂಡು ಮುಖ ಒರೆಸಿ, ಮಡಚಿ ನನ್ನ ಕೈಗೆ ವಾಪಸು ಕೊಟ್ಟ. ಬೈದಿದ್ದರೆ ಚೆನ್ನಾಗಿತ್ತು. ಒದ್ದೆ ಬಟ್ಟೆಯಲ್ಲೇ ಸೈಕಲ್ ಹತ್ತಿ ಹೋದ.

ಶಿಬಿರಕ್ಕೆ ನಾನು ಹೋದೆ. ಅವನಿಗೆಂದು ಅವ್ವ ಕಟ್ಟಿದ ಉಂಡಿಯ ಡಬ್ಬಿಯನ್ನು ಅವನ ಮನೆಗೆ ಕೊಟ್ಟು ಹೋಗೆಂದು ಅವಳು ಹೇಳಿದ್ದಳು. ನಾನು ಎರಡನ್ನೂ ಹೊತ್ತುಕೊಂಡು ಹೋಗಿ, ಒಂದನ್ನು ಡೇರೆಯಲ್ಲಿ ಎಲ್ಲರಿಗೂ ಹಂಚಿದೆ. ಕ್ಯಾಪ್ಟನ್ನಿನ ತಮ್ಮನ ಜೊತೆ ನನ್ನ ಹುಟ್ಟು ಒಮ್ಮೆಯೂ ಕೂಡಲಿಲ್ಲ. ಅವನ ಬೆನ್ನು ಯಾವಾಗ ಬಾಗುತ್ತದೆಂದು ನನಗೆ ಗೊತ್ತಾಗುತ್ತಿರಲಿಲ್ಲ. ಮೂರನೆಯ ದಿನ ತರಬೇತುದಾರರು ದೋಣಿಯನ್ನು ದಂಡೆಗೆ ಕರೆಸಿದರು.

"ನೀನು ಬೇರೆ ಯಾರದೋ ಹಿಂದೆ ಕೂತು ಕಲಿತವನು. ಅವನೆಲ್ಲಿ?" ಎಂದು ನನ್ನನ್ನು ಕೇಳಿದರು.

ಈಜು ಪರೀಕ್ಷೆಯಲ್ಲಿ ಬಿದ್ದ ಎಂದೆ. ಅವರು ನಾಲಗೆ ಲೊಚಗುಟ್ಟಿ, ನನ್ನನ್ನು ಇಳಿಸಿ, ಇನ್ನೊಂದು ಕಾಲೇಜಿನ ಹುಡುಗನನ್ನು ಕೂರಿಸಿದರು. ಉಳಿದ ನಾಲ್ಕು ದಿನ ನಾನು ದಂಡೆಯ ಮೇಲೆ ಹುಟ್ಟುಗಳ ಚರ್ಮದ ಪಟ್ಟಿಗೆ ಕೊಬ್ಬು ಸವರುತ್ತಾ ಕಳೆದೆ. ಅದೇನೂ ದೊಡ್ಡ ಶಿಕ್ಷೆಯಲ್ಲ.

ಗೆಳೆಯ ಮತ್ತೆ ಕ್ಲಬ್ಬಿಗೆ ಬರಲಿಲ್ಲ. ಇಂಟರ್ ಪರೀಕ್ಷೆ ಮುಗಿಸಿ, ಮುಂದೆ ಓದದೆ, ಖಾಪರಖೇಡಾದ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ. ಕ್ವಾರ್ಟರ್ಸಿನ ದಾರಿಯಲ್ಲಿ ಎದುರಾದರೆ ಹೇಗಿದ್ದೀ, ಚೆನ್ನಾಗಿದ್ದೀನಿ ಎನ್ನುವಷ್ಟು ಮಾತು. ಎರಡು ವರ್ಷ ಹೀಗೇ ಹೋಯಿತು.

ನನಗೆ ಮುಂಬಯಿಯಲ್ಲಿ ನೌಕರಿ ಸಿಕ್ಕು ಊರು ಬಿಡುವ ವಾರ ಬಸ್ಸು ಹತ್ತಿ ಖಾಪರಖೇಡಾಕ್ಕೆ ಹೋದೆ. ಅವನು ಪಾಳಿಗೆ ಹೋಗುವ ಮೊದಲು ಗೇಟಿನ ಹೊರಗಿನ ಚಹಾದಂಗಡಿಯಲ್ಲಿ ಸಿಕ್ಕ. ಖಾಕಿ ಅಂಗಿ, ತೋಳಿನ ತುಂಬ ಕಲ್ಲಿದ್ದಲ ಪುಡಿ. ಬೆಂಚಿನ ಮೇಲೆ ಜಾಗ ಬಿಟ್ಟು ಕೂತ.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ನೆನಪಾಗಲಿಲ್ಲ. "ನಾ ನಿನಗ ಸುಳ್ಳ ಹೇಳಿದ್ದೆ," ಎಂದಷ್ಟೇ ಅಂದೆ. "ತಪ್ಪಾತು."

ಅವನು ಲೋಟವನ್ನು ಬೆಂಚಿನ ಮೇಲಿಟ್ಟ.

"ಶಿಬಿರದ್ದು ಬಿಡು," ಎಂದ. "ಒಂದು ವಾರದ ಆಟ. ನೀ ಬರೂದಿಲ್ಲ ಅಂತ ಖರೇ ಹೇಳಿದ್ರ ನಾ ಬ್ಯಾರೆ ಯಾರನ್ನರ ಕೇಳ್ತಿದ್ದೆ. ನಮ್ಮಪ್ಪಗ ಈಸಾಕ ಬರ್ತಿತ್ತು. ಅವನೇ ಬರ್ತೀನಿ ಅಂದಿದ್ದ. ನನ್ನ ದೋಸ್ತ ಬರ್ತಾನ, ನೀ ಬ್ಯಾಡ ಅಂದಿದ್ದೆ. ಸುಳ್ಳ ಅಂತ ಗೊತ್ತಾದ ಮ್ಯಾಲೂ ಅಂದೆ, ಆರು ದಿನಾ ಹಂಗ ಅಂದೆ."

ಕಾರಖಾನೆಯ ಭೋಂಗಾ ಕೂಗಿತು. ಅವನು ಎದ್ದು, ಮುಂಬಯಿಯಲ್ಲಿ ಮನೆ ಎಲ್ಲಿ ಮಾಡುತ್ತೀ ಎಂದು ಕೇಳಿದ. ಇನ್ನೂ ಗೊತ್ತಿಲ್ಲ ಅಂದೆ. "ಜಲ್ದಿ ಹೋಗು, ಬಸ್ಸು ನಿಂತೇತಿ," ಎಂದು ಹೇಳಿ, ಗೇಟಿನ ಒಳಗೆ ಹೋಗುತ್ತಿದ್ದ ಜನರ ಜೊತೆ ಸೇರಿಕೊಂಡ. ಮುಂಬಯಿಯಿಂದ ನಾನು ಅವನಿಗೆ ಎರಡು ಪತ್ರ ಬರೆದೆ. ಎರಡನೆಯದಕ್ಕೆ ಉತ್ತರ ಬಂತು: ತಂಗಿಯ ಮದುವೆ ಗೊತ್ತಾಗಿದೆ, ಎಲ್ಲರೂ ಕ್ಷೇಮ, ನಾಲ್ಕೇ ಸಾಲು. ಮೂರನೆಯ ಪತ್ರ ನಾನು ಬರೆಯಲಿಲ್ಲ.